ಎರಡು ಗುಟುಕು ನೀರು

ಪೆಟ್ಟಿಗೆ ಎಲ್ಲಿಡಲಿ ಎಂದು ಸಿದ್ರಾಮ ಕೇಳಲೂ ಇಲ್ಲ. ಸೀದಾ ಒಳಬಂದು, ಗಲ್ಲಾದ ಮೇಲಿನ ಹಲಗೆಯಲ್ಲಿದ್ದ ಬಿಸ್ಕೀಟಿನ ಡಬ್ಬಗಳನ್ನು ಅತ್ತ ಸರಿಸಿ, ದುರ್ಗಾಪರಮೇಶ್ವರಿಯ ಪಟದ ಮಗ್ಗುಲಲ್ಲೇ ಅದನ್ನಿಟ್ಟ. ಪ್ರಥಮ ಚಿಕಿತ್ಸೆಯ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ಕೆಂಪು ಶಿಲುಬೆಯ ಗುರುತು.

"ಆ್ಯಕ್ಸಿಡೆಂಟ್ ಆಗೋದೆಲ್ಲಾ ನಿಮ್ಮ ಹೋಟೆಲ್ ಮುಂದನ ಅಲ್ಲೇನ್ರಿ ದೇಜಣ್ಣ. ಇಲ್ಲೇ ಇರಲಿ. ಏನರ ಆದ್ರ ಪೊಲೀಸ್ ಚೌಕಿಗೆ ಯಾರನ್ನರ ಓಡಸ್ರಿ, ನಾ ಬರೋತನಕ ಇದನ್ನ ಇಳಿಸಿ ಇಟ್ಟಿರ್ರಿ," ಅಂದ.

ಹೋಟೆಲಿನ ಯಜಮಾನ ದೇಜಪ್ಪ ಅತ್ತ ಸರಿದ ಡಬ್ಬಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದ. ಅಕ್ಕಲಕೋಟೆ ಕಡೆಯ ಈ ಪೇದೆಗೆ ಆರು ವರ್ಷ ಪುಕ್ಕಟೆ ಚಹಾ ಕುಡಿಸಿದವನು ಅವನು. ಥಾಣೆ-ಬೇಲಾಪುರ ರಸ್ತೆಯ ಘಣಸೋಲಿ ತಿರುವಿನಲ್ಲಿ ಕಾರ್ಖಾನೆಯ ಲಾರಿಗಳು ಢಿಕ್ಕಿಯಾದಾಗಲೆಲ್ಲ ಹಿತ್ತಾಳೆಯ ಚೊಂಬಿನಲ್ಲಿ ನೀರು ಹಿಡಿದು ಮೊದಲು ಓಡುತ್ತಿದ್ದವನೂ ಅವನೇ. ಪೊಲೀಸರು ಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಪಂಚನಾಮೆಗೆ ಕಾಗದ ಹುಡುಕುವಷ್ಟರಲ್ಲಿ, ಗಾಯಾಳುವಿನ ಬಾಯಿಗೆ ನೀರು ಬಿಟ್ಟು, ಯಾವುದೋ ಟೆಂಪೋ ತಡೆದು ಹತ್ತಿಸಿ ಆಗಿರುತ್ತಿತ್ತು. ಹಳ್ಳಿಯವರು ಗಣಪತಿ ಮಂಟಪದಲ್ಲಿ ಅವನಿಗೊಂದು ಶಾಲು ಹೊದಿಸಿದ್ದರು.

ಅವನ ದೊಡ್ಡ ಕಥೆಯೆಂದರೆ ಸೊಲ್ಲಾಪುರದ ಡ್ರೈವರನದು. ನಾಲ್ಕು ವರ್ಷದ ಹಿಂದೆ, ಎಚ್ಚರ ತಪ್ಪಿ ಬಿದ್ದಿದ್ದ ಆ ಮುದುಕನಿಗೆ ಎರಡು ಗುಟುಕು ನೀರು ಹಾಕಿದ್ದೇ ತಡ, ಒಮ್ಮೆ ಬಿಕ್ಕಿ, ದೇಜಪ್ಪನ ತೊಡೆಯ ಮೇಲೇ ಪ್ರಾಣ ಬಿಟ್ಟಿದ್ದ. "ನನ್ನ ಕೈಯ ನೀರಿಗೇ ಕಾಯ್ತಾ ಇದ್ದದ್ದು ಮಾರಾಯ್ರೆ ಅವ," ಎನ್ನುವಾಗ ದೇಜಪ್ಪನ ಕಣ್ಣು ಪ್ರತಿಸಲವೂ ಒದ್ದೆಯಾಗುತ್ತಿತ್ತು. ಕೇಳಿದವರು ಇನ್ನೊಂದು ಚಹಾ ಹೇಳುತ್ತಿದ್ದರು.

ಈಗ ನೋಡಿದರೆ, ಥಾಣೆಯ ಪೊಲೀಸ್ ಮೈದಾನದಲ್ಲಿ ಯಾರೋ ಡಾಕ್ಟರು ಐದು ದಿನ ಪಾಠ ಹೇಳಿದ್ದಕ್ಕೇ ಸಿದ್ರಾಮ ಅರ್ಧ ಡಾಕ್ಟರನಾಗಿ ಬಂದಿದ್ದ. ಚಹಾ ಕುಡಿಯಲು ಬಂದ ಹಮಾಲರ ಕೈಗೆ ಜೋಳಿಗೆ ಕಟ್ಟಿ ತೋರಿಸುವುದೇನು, ನಾಡಿ ಹಿಡಿದು ಗಡಿಯಾರ ನೋಡುವುದೇನು! ಡ್ರೈವರನ ಕಥೆ ಕೇಳುತ್ತಿದ್ದ ಜನ ಈಗ ಅವನ ಮುಂದೆ ಮೊಣಕೈ ಚಾಚಿ ಕೂರುತ್ತಿದ್ದರು. ದೇಜಪ್ಪನ ಹೆಂಡತಿ ಲೋಲಾಕ್ಷಿ ಕೂಡ ಈಳಿಗೆಯಲ್ಲಿ ಕೊಯ್ದುಕೊಂಡ ಬೆರಳಿಗೆ ಗಂಡನನ್ನು ಬಿಟ್ಟು ಅವನ ಹತ್ತಿರವೇ ಪಟ್ಟಿ ಕಟ್ಟಿಸಿಕೊಂಡಳು, ಎಷ್ಟು ಚಂದ ಕಟ್ಟುತ್ತಾನೆ ಎಂದು ಹೊಗಳಿದಳು. ದೇಜಪ್ಪನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ದೋಸೆ ಕಾವಲಿಗೇ ಹೇಳಿಕೊಂಡ. ದಿನವೂ ಬೆಳಿಗ್ಗೆ ದೇವರ ಪಟ ಒರೆಸುವಾಗ ಪಕ್ಕದ ಪೆಟ್ಟಿಗೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದರ ಮೇಲೆ ಧೂಳು ಕೂತಷ್ಟೂ ಅವನಿಗೆ ಸಮಾಧಾನ.

ಇನ್ನೊಂದು ಸಮಾಧಾನವೂ ಇತ್ತು. ತರಬೇತಿಯಿಂದ ಬಂದ ಮೇಲೆ, ಡ್ರೈವರನ ಕಥೆ ಶುರುವಾದರೆ ಸಾಕು, ಸಿದ್ರಾಮ ಅರ್ಧ ಚಹಾ ಬಿಟ್ಟು ಎದ್ದುಹೋಗುತ್ತಿದ್ದ. ಪಾಪ, ಇನ್ನೊಬ್ಬರ ಹೆಸರು ಕೇಳಲಾರ, ಹೊಟ್ಟೆಕಿಚ್ಚು ಎಂದುಕೊಂಡು ದೇಜಪ್ಪ ದನಿಯನ್ನು ಇನ್ನಷ್ಟು ಏರಿಸುತ್ತಿದ್ದ.

ಶ್ರಾವಣದ ಒಂದು ಮಧ್ಯಾಹ್ನ ಹೊರಗೆ ಬ್ರೇಕಿನ ಕಿರುಚು, ಹಿಂದೆಯೇ ತಗಡು ಮುರಿದ ಸದ್ದು. ಸೈಕಲ್ ಮೇಲೆ ಪಾಳಿಗೆ ಹೊರಟಿದ್ದ ಕಾರ್ಖಾನೆಯವನೊಬ್ಬನಿಗೆ ಟೆಂಪೋ ಗುದ್ದಿತ್ತು. ಪೆಟ್ಟಿಗೆ ತೆಗೆದುಕೊಳ್ಳಿ, ಚೌಕಿಗೆ ಯಾರನ್ನಾದರೂ ಕಳಿಸಿ ಎಂದು ಲೋಲಾಕ್ಷಿ ಕೂಗಿದಳು. ದೇಜಪ್ಪನಿಗೆ ಸ್ಪಷ್ಟವಾಗಿಯೇ ಕೇಳಿಸಿತು. ಇವತ್ತು ಅವನು ಬರುವುದರೊಳಗೆ ಮುಗಿಸುತ್ತೇನೆ ಎಂದುಕೊಂಡು ಚೊಂಬು ಎತ್ತಿ ಓಡಿದ.

ಬಿದ್ದವನ ಕಣ್ಣು ಮೇಲೆ ಸಿಕ್ಕಿತ್ತು, ಬಾಯ್ತುಂಬ ರಕ್ತ. ದೇಜಪ್ಪ ಅವನ ತಲೆಯನ್ನು ತೊಡೆಗೇರಿಸಿ ಚೊಂಬು ಬಗ್ಗಿಸಿದ. ನೀರು ಇನ್ನೇನು ತುಟಿಗೆ ತಾಗಬೇಕು, ಖಾಕಿ ತೋಳೊಂದು ಬಂದು ಚೊಂಬನ್ನು ಹೊಡೆದು ಕೆಡವಿತು. ಅದು ಠಣಠಣ ಎನ್ನುತ್ತ ಚರಂಡಿಯತ್ತ ಉರುಳಿತು. ಸಿದ್ರಾಮ ಚಹಾಕ್ಕೆಂದು ಅದೇ ದಾರಿಯಲ್ಲಿ ಬರುತ್ತಿದ್ದ, ಅವನ ಹಿಂದೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಲೋಲಾಕ್ಷಿ. ಸುತ್ತ ಇಪ್ಪತ್ತು ಜನ.

"ಬ್ಯಾಡ್ರಿ ದೇಜಣ್ಣ. ಎಚ್ಚರಿಲ್ಲದವರಿಗೆ ನೀರ ಹಾಕಿದ್ರ ಪುಪ್ಪಸಕ್ಕ ಇಳಿತಾವ. ಹೊಳ್ಯಾಗ ಮುಳುಗಿದಂಗ ಉಸರು ಕಟ್ಟಿ ಸಾಯ್ತಾರ."

ಹಾಗೆನ್ನುತ್ತಲೇ ಅವನು ಗಾಯಾಳುವನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯೊಳಗೆ ಬೆರಳು ಹಾಕಿ ರಕ್ತವನ್ನೂ ಮುರಿದ ಹಲ್ಲನ್ನೂ ತೆಗೆದ. ಗೊರಕೆಯಂಥ ಸದ್ದಿನೊಂದಿಗೆ ಉಸಿರು ಬಂತು. ಪಟ್ಟಿ ಕಟ್ಟಿ, ಚೌಕಿಯಿಂದ ಬಂದ ಜೀಪಿನಲ್ಲಿ ಮಲಗಿಸುವತನಕ ದೇಜಪ್ಪ ಅದೇ ಜಾಗದಲ್ಲಿ, ತೊಡೆ ಮಡಿಚಿಕೊಂಡೇ ಕೂತಿದ್ದ.

ಆಮೇಲೆ ಚೊಂಬು ಹೆಕ್ಕಿ ತಂದು ನಲ್ಲಿಯ ಕೆಳಗೆ ತಿಕ್ಕಿದ. ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದ ಆ ಪೇದೆಗೆ ಏನೇನು ಹೇಳಬೇಕೆಂದು ಒಂದೊಂದೇ ಮಾತು ಜೋಡಿಸುತ್ತಿದ್ದ. ನಡುವೆ, ಕರೆಯದೆ, ಆ ಮುದುಕ ಡ್ರೈವರನ ಬಿಕ್ಕು ನೆನಪಾಯಿತು. ತಿಕ್ಕುವ ಕೈ ನಿಂತಿತು.

ಸಂಜೆ ಸಿದ್ರಾಮ ಬಂದು, ಆಸ್ಪತ್ರೆಯಲ್ಲಿ ಆ ಮನುಷ್ಯನಿಗೆ ಎಚ್ಚರ ಬಂದಿದೆ ಎಂದ. ದೇಜಪ್ಪ ತಾನೇ ಚಹಾ ತಂದಿಟ್ಟು ಎದುರು ಕೂತ. ಚಹಾ ಆರುವತನಕ ಆಸ್ಪತ್ರೆಯ ಸುದ್ದಿಯನ್ನೇ ಕೇಳಿದ.

"ಸೊಲ್ಲಾಪುರದವನಿಗೂ ಎಚ್ಚರ ಇರ್ಲಿಲ್ಲ, ಸಿದ್ರಾಮ."

ಸಿದ್ರಾಮ ಆರಿಹೋಗಿದ್ದ ಚಹಾವನ್ನು ಊದಿದ. "ಅವಂಗ ಪೆಟ್ಟು ಭಾಳ ಬಿದ್ದಿತ್ರಿ ಅಣ್ಣಾ. ಹ್ಯಾಂಗೂ ಉಳೀತಿರಲಿಲ್ಲ," ಅಂದ, ತಲೆ ಎತ್ತದೆ.

ಆ ಡ್ರೈವರನನ್ನು ಸಿದ್ರಾಮ ನೋಡಿಯೇ ಇರಲಿಲ್ಲ, ಅಂದು ಊರಿಗೆ ಹೋಗಿದ್ದ. ಅರ್ಧ ಚಹಾ ಬಿಟ್ಟು ಅವನು ಎದ್ದುಹೋಗುತ್ತಿದ್ದುದು ಯಾಕೆಂದು ದೇಜಪ್ಪನಿಗೆ ಆಗ ತಿಳಿಯಿತು. ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ, ಈಗ ಇಷ್ಟು ಹಗುರವಾಗಿ ಒಂದು ಸುಳ್ಳನ್ನೂ ಹೇಳಬಲ್ಲನಲ್ಲ ಎಂದು ಅದಕ್ಕೂ ಅವನಿಗೆ ಹೊಟ್ಟೆಕಿಚ್ಚಾಯಿತು.

ವಾರದ ಮೇಲೆ ಹಮಾಲಿ ಮಹಾದೇವಪ್ಪ ಹೊಸ ಲಾರಿ ಡ್ರೈವರನೊಬ್ಬನನ್ನು ಕರೆದುಕೊಂಡು ಬಂದ. "ಅಣ್ಣಾ, ಆ ಸೊಲ್ಲಾಪುರದವನ ಕತಿ ಇವಂಗೂ ಒಂಚೂರು ಹೇಳ್ರಲ್ಲ," ಅಂದ.

ದೇಜಪ್ಪ ಒಂದು ಲೋಟ ನೀರು ತಂದು ಹೊಸಬನ ಮುಂದಿಟ್ಟ. ಬಿಸಿಲಿನಲ್ಲಿ ಬಂದವನು ಲೋಟವನ್ನು ಎತ್ತಿ ಗಟಗಟ ಕುಡಿಯತೊಡಗಿದ. ಕೊನೆಯ ಗುಟುಕು ಅವನ ಗಂಟಲಿನಲ್ಲಿ ಇಳಿಯುವವರೆಗೂ ದೇಜಪ್ಪ ನೋಡುತ್ತ ಅಲ್ಲೇ ನಿಂತಿದ್ದ.