ಕಂದೀಲಿನೊಳಗಿನ ಮೆಣಸಿನಕಾಯಿ

ಬ್ಯಾಡಗಿಯ ವ್ಯಾಪಾರಿ ಕೊಟ್ರಪ್ಪನಿಗೆ ಹೊಟ್ಟೆ ತುಂಬಿಸುವುದು ಮೆಣಸಿನಕಾಯಿ, ತಲೆ ಕೆಡಿಸುವುದು ಮಾಯಾಕಾಂತ. ಹಾರುವ ಕುದುರೆ, ಮಾತಾಡುವ ಕತ್ತಿಗಳ ಕಾದಂಬರಿ ಬರೆದು ನಾಡಿಗೆಲ್ಲ ಹೆಸರಾದ ಈ ಲೇಖಕರ ಹಳೆಯ ಪುಸ್ತಕ ಎಲ್ಲಿದೆಯೆಂದರೂ ಸಾಕು, ಅವನು ಅಂಗಡಿಗೆ ಬಾಗಿಲೆಳೆದು ಹೊರಟ. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಯಾವಾಗಲೂ ರಾಣೆಬೆನ್ನೂರಿನ ಗೆಳೆಯ ಉಡಚಪ್ಪ. ಪೆಟ್ರೋಲು ಇವನದು, ಸಲಹೆ ಅವನದು.

ಮಾಯಾಕಾಂತರ ಮೊಟ್ಟಮೊದಲ ಪುಸ್ತಕ ‘ಏಳು ಹೆಡೆಯ ಕಂದೀಲು’ ಅವರ ಹತ್ತಿರವೇ ಇರಲಿಲ್ಲ. ಕೊಟ್ರಪ್ಪನಿಗೆ ಅದು ಸಿಕ್ಕಿದ್ದು ಮೇಡ್ಲೇರಿಯ ಮುತ್ತವ್ವನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಕೆಳಗೆ. ತನ್ನೆಲ್ಲ ಪುಸ್ತಕಗಳಿಗೆ ಮಾಡುವಂತೆ, ಹುಳ ಹತ್ತದಿರಲೆಂದು ಇದರ ನಡುವೆಯೂ ಒಂದು ಒಣಮೆಣಸಿನಕಾಯಿ ಇಟ್ಟ.

ಆ ವರ್ಷ, ಅಂದರೆ ೨೦೦೫ರಲ್ಲಿ, ಹಾವೇರಿಯಲ್ಲಿ ಮಾಯಾಕಾಂತರಿಗೆ ಸನ್ಮಾನ. ಉಡಚಪ್ಪ ಸಮಿತಿಯಲ್ಲಿದ್ದ. ಸಮಿತಿ ಎಲ್ಲಿದ್ದರೂ ಅವನಿರುತ್ತಿದ್ದ.

“ಅಣ್ಣಾ, ಕಂದೀಲು ಕೊಡು. ಮುಂಜಾನೆನ ಅವರ ಸಹಿ ಹಾಕಿಸಿ ಇಟ್ಟಿರ್ತೀನಿ.”

“ನಾನ ತರ್ತೀನಲ್ಲೋ.”

“ಆ ಗದ್ದಲದಾಗ ನಿನ್ನ ಯಾರು ಹತ್ರ ಬಿಡ್ತಾರ? ನನ್ನ ಮ್ಯಾಲೆ ನಂಬಿಗಿ ಇಲ್ಲೇನು?”

ಕೊಟ್ರಪ್ಪ ಒಳಗೆ ಹೋಗಿ ಪುಸ್ತಕ ತಂದ. ಹೊಸ ಟವೆಲ್ಲಿನಲ್ಲಿ ಸುತ್ತಿ ಕೊಟ್ಟ.

ಸಭೆಯಲ್ಲಿ ಅವನಿಗೆ ಕುರ್ಚಿ ಸಿಕ್ಕಿದ್ದು ಕಂಬದ ಹಿಂದೆ. ಕತ್ತು ಚಾಚಿ ನೋಡಿದರೆ, ಶಾಲು ಹೊದ್ದ ಉಡಚಪ್ಪ ಮೈಕಿನ ಮುಂದೆ ನಿಂತಿದ್ದ.

“ಊರೂರು ಅಲೆದು ನಾ ಹುಡುಕಿದ ಪುಸ್ತಕ, ಇವತ್ತ ಗುರುಗಳಿಗೆ ಅರ್ಪಣಾ ಮಾಡಾಕತ್ತೇನಿ.”

ಚಪ್ಪಾಳೆ ಬಿತ್ತು. ಸಭೆಯ ಜೊತೆ ತಟ್ಟತೊಡಗಿದ್ದ ಕೊಟ್ರಪ್ಪನ ಕೈ ನಡುವೆಯೇ ನಿಂತಿತು.

ಲೇಖಕರು ಪುಟ ತೆರೆದರು. ಸುಕ್ಕುಗಟ್ಟಿದ ಕೆಂಪು ಕಾಯಿಯೊಂದು ಮೇಜಿನ ಮೇಲೆ ಬಿತ್ತು. “ಇದೇನ್ರಿ?”

ಕೊಟ್ರಪ್ಪ ಎದ್ದು ನಿಂತ. ಈಗಲಾದರೂ ತನ್ನ ಹೆಸರು ಬಂದೀತು.

“ಹುಳ ಹತ್ತಬಾರ್ದಂತ ನಾನ ಇಟ್ಟಿದ್ದೆರಿ,” ಅಂದ ಉಡಚಪ್ಪ. “ನಮ್ಮ ಮನ್ಯಾಗ ಮೊದಲಿಂದಾನೂ ಹಂಗ.”

ಲೇಖಕರು ಪುಸ್ತಕವನ್ನು ಎದೆಗೊತ್ತಿಕೊಂಡರು, ಹುಡುಗನಂತೆ. ಆ ಮುಖ ನೋಡಿ ಕೊಟ್ರಪ್ಪ ಮತ್ತೆ ಕುಳಿತ.

ಸಭೆ ಮುಗಿದ ಮೇಲೆ ಉಡಚಪ್ಪನೇ ಹುಡುಕಿಕೊಂಡು ಬಂದ. “ಸಿಟ್ಟಾಗಬ್ಯಾಡ ಅಣ್ಣಾ. ಬರೆದವರ ಕೈಗೆ ಮುಟ್ಟಿತಲ್ಲ. ಖರೇ ಹೇಳ್ತೀನಿ, ನಿನ್ನ ಹೆಸರು ನನ್ನ ನಾಲಿಗಿ ತುದಿಗೇ ಇತ್ತು.”

“ಪುಸ್ತಕ ಅವರ ಹತ್ರನ ಇರಲಿ. ಕಾಯಿ ಎಲ್ಲೈತಿ?”

ಉಡಚಪ್ಪ ನಗುತ್ತ ಜೇಬಿನಿಂದ ತೆಗೆದುಕೊಟ್ಟ. ಕೊಟ್ರಪ್ಪ ಅದನ್ನು ಮುರಿದು ಅರ್ಧ ಅವನ ಬಾಯಿಯ ಮುಂದೆ ಹಿಡಿದ.

“ತಗೋ, ಆ ನಾಲಿಗಿ ತುದಿಗೆ ಇಟ್ಕೋ. ಹೆಸರು ಹೊರಗ ಬರತೈತೇನು ನೋಡೂಣು.”

ಉಡಚಪ್ಪನ ನಗು ಇಳಿಯಿತು. ಕೊಟ್ರಪ್ಪ ಸ್ಕೂಟರು ಶುರು ಮಾಡಿದ. ರೂಢಿಯಂತೆ ಹಿಂದಿನ ಸೀಟು ಒರೆಸಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು ಒಬ್ಬನೇ ಹೊರಟ.