ಅಕ್ಕೋರು ಮಲಗಿದ ಮಧ್ಯಾಹ್ನ

ಫಾಲ್ಗುಣದ ಮಧ್ಯಾಹ್ನ... ಮುಂಬಯಿಯ ಉಪನಗರಗಳ ಅಂಚಿನಲ್ಲಿ ಆ ಹೊತ್ತು ಆಕಾಶಕ್ಕೂ ಆಯಾಸವಾಗಿರುತ್ತದೆ, ಸಹೃದಯರೇ! ಸಾಂತಾಕ್ರೂಜ್ ಸ್ಟೇಶನ್ನಿನಲ್ಲಿಳಿದು ಪೂರ್ವಕ್ಕೆ ಎರಡು ಮೈಲಿ ನಡೆದರೆ ನಗರದ ಕೋಲಾಹಲವು ಸ್ವಲ್ಪಸ್ವಲ್ಪವೇ ಕ್ಷೀಣಿಸಿ, ಕೊಯ್ಲು ಮುಗಿದು ಬಿರುಕುಬಿಟ್ಟ ಭತ್ತದ ಗದ್ದೆಗಳೂ, ಧೂಳಿನಿಂದ ಅಕಾಲದಲ್ಲಿ ನರೆತ ತಾಳೆಮರಗಳೂ, ಅವುಗಳ ಹಿಂದೆ ಅರ್ಧಕ್ಕೆ ಸೀಳಲ್ಪಟ್ಟು ಗಾಯದಂತೆ ಹೊಳೆಯುವ ಕಲ್ಲುಗಣಿಯ ಗುಡ್ಡವೂ ಒಂದೊಂದಾಗಿ ಎದುರಾಗುತ್ತಿದ್ದವು. ವಿಮಾನ ನಿಲ್ದಾಣದಿಂದ ಮೇಲೆದ್ದ ವಿಮಾನವೊಂದರ ನೆರಳು ಆ ಬಯಲಿನ ಮೇಲೆ ಕ್ಷಣಕಾಲ ಹರಿದುಹೋದರೂ, ಕೆಸರುಗುಂಡಿಯ ಎಮ್ಮೆಗಳು ತಲೆಯೆತ್ತುತ್ತಿರಲಿಲ್ಲ. ಗಾಳಿಯಿಲ್ಲ, ಹಕ್ಕಿಯ ದನಿಯಿಲ್ಲ. ಮಳೆಯ ನೆನಪನ್ನೇ ಕಳೆದುಕೊಂಡ ನೆಲದ ಮೇಲೆ ಬಿಸಿಲೊಂದೇ ಜಾಗೃತವಾಗಿ ಮಲಗಿತ್ತು!

ಸಾವಿರದ ಒಂಬೈನೂರ ಐವತ್ತೈದರ ಅಂಥ ಒಂದು ಮಧ್ಯಾಹ್ನ, ಆ ದಾರಿಯಲ್ಲಿ ಕಾಂತಪ್ಪ ನಡೆದು ಬರುತ್ತಿದ್ದ.

ಬಾಂದ್ರಾದ ಕರಾವಳಿಯವರ ಹೋಟೆಲೊಂದರಲ್ಲಿ ಅವನು ಅಡಿಗೆಯವ. ಬೆಳಗಿನ ನಾಲ್ಕಕ್ಕೆ ಒಲೆಯ ಮುಂದೆ ನಿಂತರೆ ಹನ್ನೊಂದರವರೆಗೆ ಬೆನ್ನು ನೆಟ್ಟಗೆ ಮಾಡಲೂ ಬಿಡುವಿಲ್ಲದ ಕೆಲಸ. ಉಡುಪಿಯ ಸೀಮೆಯಿಂದ ಬಂದು ಹನ್ನೆರಡು ವರ್ಷಗಳಾಗಿದ್ದವು. ಅವುಗಳಲ್ಲಿ ಹತ್ತು ವರ್ಷ ಅವನಿಗೆ ಈ ನಗರ ಪ್ರಿಯವಾಗಿತ್ತು. ಕೊನೆಯ ಎರಡು ವರ್ಷ ಅದರ ಒಂದೊಂದು ಬೀದಿಯೂ ಮುಳ್ಳಾಗಿತ್ತು. ಮೂರು ವರ್ಷದ ಒಬ್ಬಳೇ ಮಗಳನ್ನು ಗಂಟಲು ಬೇನೆ ನಾಲ್ಕು ದಿನಗಳಲ್ಲಿ ಕೊಂಡೊಯ್ದ ಮೇಲೆ, ಮಕ್ಕಳ ನಗೆ ಕೇಳಿಸಿದೆಡೆಯಿಂದ ಅವನು ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಮಗಳ ಹೆಸರನ್ನಂತೂ ಅವನ ತುಟಿಗಳು ಅಂದಿನಿಂದ ಉಚ್ಚರಿಸಿರಲಿಲ್ಲ.

ಅವನ ಹೆಂಡತಿ ಶೀಲಾವತಿ ಹಿಡಿದ ದಾರಿಯೋ, ನೇರ ವಿರುದ್ಧದ್ದು! ಅವಳು ತರಬೇತಿ ಪಡೆದು, ಆಂಬೇಪಾಡಾ ಎಂಬ ಈ ಹಳ್ಳಿಯ ಬಾಲವಾಡಿಗೆ ಶಿಕ್ಷಕಿಯಾಗಿ ಬಂದಳು. ಬಿಜಾಪುರದ ಕಡೆಯಿಂದ ಕಲ್ಲು ಒಡೆಯಲು ಬಂದವರ ಮಕ್ಕಳು, ಇಲ್ಲಿಯೇ ಗದ್ದೆ ಮಾಡುವ ಮರಾಠಿ ರೈತರ ಮಕ್ಕಳು... ಐದು ವರ್ಷದೊಳಗಿನ ಇಪ್ಪತ್ತಾರು ಜನ. ಅವರ ಉಗುರು ಕತ್ತರಿಸುವುದು, ತಲೆ ಬಾಚುವುದು, ಹಾಡು ಕಲಿಸುವುದು, ಹಾಲು ಕುಡಿಸುವುದು. ಸಂಜೆ ಅವಳು ಮನೆಗೆ ಬಂದಾಗ ಸೀರೆಯಿಂದ ಕೂಸುಗಳ ವಾಸನೆ ಬರುತ್ತಿತ್ತು. ಆ ವಾಸನೆಗೆ ಕಾಂತಪ್ಪ ಮುಖ ತಿರುಗಿಸುತ್ತಿದ್ದ. ಮುಖ ತಿರುಗಿಸಿದ್ದನ್ನು ಅವಳು ಕಾಣುತ್ತಿದ್ದಳು. ಒಂದೇ ಕೋಣೆಯ ಚಾಳಿನ ಮನೆಯಲ್ಲಿ ಎರಡು ಮೌನಗಳು ಹೀಗೆ ಪರಸ್ಪರ ತಾಗದಂತೆ ಎಚ್ಚರದಿಂದ ಓಡಾಡುತ್ತಿದ್ದವು.

ಹುಬ್ಬಳ್ಳಿಯಲ್ಲಿ ಹೋಟೆಲು ತೆರೆಯಲಿದ್ದ ಅವನ ಭಾವ ಚೆನ್ನಯ, ಅಡಿಗೆಯ ಮೇಲ್ವಿಚಾರಣೆಗೆ ಬಾ ಎಂದು ಬರೆದಿದ್ದ. ಶೀಲಾವತಿ ಕಾಗದವನ್ನು ಓದಿ, ಮಡಿಸಿ, "ನಾನು ಆ ಮಕ್ಕಳನ್ನು ಬಿಟ್ಟು ಬರುವುದಿಲ್ಲ," ಎಂದಷ್ಟೇ ಹೇಳಿದ್ದಳು. ಈಗ ಶನಿವಾರದ ರೈಲಿನ ಒಂದೇ ಒಂದು ಟಿಕೆಟು ಕಾಂತಪ್ಪನ ಅಂಗಿಯ ಜೇಬಿನಲ್ಲಿತ್ತು. ಮನೆಯಲ್ಲಿ ಹೇಳಲು ಧೈರ್ಯ ಸಾಲದೆ, ಅವಳ ಶಾಲೆಯ ಬಾಗಿಲಲ್ಲೇ ಹೇಳಿ ಹಿಂದಿರುಗುವೆನೆಂದು ಅವನು ಮೊದಲ ಬಾರಿಗೆ ಇತ್ತ ಹೊರಟಿದ್ದ.

ಹಂಚಿನ ಮಾಡು, ಸಗಣಿ ಸಾರಿಸಿದ ಜಗಲಿ, ಒಳಗೆ ಒಂದು ಉದ್ದನೆಯ ಕೋಣೆ. ಅವನು ಹೊಸ್ತಿಲಲ್ಲಿ ನಿಂತ... ನಿಂತಲ್ಲೇ ನಿಂತ!

ಚಾಪೆಗಳ ಮೇಲೆ ಸಾಲಾಗಿ ಮಕ್ಕಳು ನಿದ್ರಿಸುತ್ತಿದ್ದವು. ಸಾಲಿನ ಕೊನೆಗೆ, ಗೋಡೆಗೊರಗಿ ಕುಳಿತಲ್ಲಿಯೇ ಕುತ್ತಿಗೆ ಓರೆಯಾಗಿ, ತೊಡೆಯ ಮೇಲೆ ಒಂದು ಮಗುವಿನ ತಲೆಯನ್ನಿಟ್ಟುಕೊಂಡು, ಶೀಲಾವತಿಯೂ ನಿದ್ರಿಸುತ್ತಿದ್ದಳು. ಅರೆದೆರೆದ ತುಟಿ, ಕಣ್ಣಿನ ಕೆಳಗೆ ಕಾರ್ಮೋಡದ ಅಂಚಿನಂಥ ಕಪ್ಪು, ಕಿವಿಯ ಬಳಿ ಅವನು ಈವರೆಗೆ ಕಾಣದ ನಾಲ್ಕಾರು ಬಿಳಿಕೂದಲು... ಮೂವತ್ತೊಂದರ ಹೆಣ್ಣು! ಇವಳು ಇಷ್ಟೊಂದು ದಣಿದದ್ದು ಯಾವಾಗ? ತಾನೆಲ್ಲಿದ್ದೆ?

"ಗದ್ಲಾ ಮಾಡಬ್ಯಾಡ್ರೀ," ಎಂದಿತು ಒಂದು ಪಿಸುದನಿ. ನಾಲ್ಕು ವರ್ಷದ ಹುಡುಗಿಯೊಬ್ಬಳು ಚಾಪೆಯ ಮೇಲೆ ಎದ್ದು ಕುಳಿತಿದ್ದಳು. "ಅಕ್ಕೋರು ಮಕ್ಕೊಂಡಾರ."

"ಇಲ್ಲಿ ಇನ್ನೊಬ್ಬರು ಇದ್ದಾರಲ್ಲ? ಗಂಗುಬಾಯಿ?" ಮಕ್ಕಳನ್ನು ಮನೆಮನೆಯಿಂದ ಕರೆತರುವ ಆಯಾಳ ಹೆಸರು ಅವನಿಗೆ ತಿಳಿದಿತ್ತು.

"ಗಂಗವ್ವಗ ಜ್ವರಾ ಬಂದಾವು. ಐದು ದಿನಾ ಆತು. ಅಕ್ಕೋರು ಒಬ್ಬರ ಅದಾರ." ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವ್ಯಾರ್ರೀ?"

"ನಾನು... ಅಕ್ಕೋರ ಮನೆಯವನು."

ಐದು ದಿನ! ಒಂದು ಮಾತನ್ನೂ ಅವಳು ಮನೆಯಲ್ಲಿ ಆಡಿರಲಿಲ್ಲ. ಆಡಿದ್ದರೆ ಕೇಳುವ ಕಿವಿಯಾದರೂ ಅಲ್ಲಿ ಎಲ್ಲಿತ್ತು?

ಹುಡುಗಿಯ ಮೂಗು ಸೋರುತ್ತಿತ್ತು. ಅವಳು ಎದ್ದು ಬಂದು, ಲೋಕದ ಸಹಜ ನಿಯಮವೆಂಬಂತೆ, ಮುಖವನ್ನು ಅವನೆದುರು ಎತ್ತಿ ಹಿಡಿದಳು. ಕಾಂತಪ್ಪನ ಕೈ ಅರ್ಧಕ್ಕೆ ಚಾಚಿ ನಿಂತಿತು. ಎರಡು ವರ್ಷಗಳಿಂದ ಒಂದು ಮಗುವನ್ನೂ ಮುಟ್ಟದ ಕೈ ಅದು! ಅವನು ಕುಕ್ಕರಗಾಲಲ್ಲಿ ಕುಳಿತು, ಪಂಚೆಯ ತುದಿಯಿಂದ ಆ ಪುಟ್ಟ ಮೂಗನ್ನು ಒರೆಸಿದ.

ಅಷ್ಟರಲ್ಲಿ ಗಣಿಯಲ್ಲಿ ಸೀಟಿ ಕೇಳಿಸಿತು. ಬಂಡೆ ಸಿಡಿಸುವ ಹೊತ್ತು. ಹೆಂಡತಿಗೆ ಎಚ್ಚರವಾಗದಿರಲಿ ಎಂದು ಅವನು ಬೇಡಿಕೊಳ್ಳುವುದಕ್ಕೂ, ನೆಲ ಅದುರುವಂತೆ ಗುಡ್ಡ ಗುಡುಗುವುದಕ್ಕೂ ಸರಿಹೋಯಿತು. ಮಕ್ಕಳು ಒಂದೊಂದಾಗಿ ಕಣ್ಣುಜ್ಜಿಕೊಂಡು ಎದ್ದವು. ಶೀಲಾವತಿಯ ರೆಪ್ಪೆ ಅಲುಗಲಿಲ್ಲ. ಬಂಡೆಯನ್ನೊಡೆಯುವ ಸದ್ದಿಗೂ ಒಡೆಯದ ನಿದ್ದೆ!

ಮತ್ತೆ ಕಾಂತಪ್ಪ ಯೋಚಿಸಲಿಲ್ಲ. ಅವಳ ತೊಡೆಯ ಮೇಲಿನ ಮಗುವನ್ನು ಮೆಲ್ಲನೆ ಎತ್ತಿಕೊಂಡ. ಬೆರಳನ್ನು ತುಟಿಗಿಟ್ಟು, ಎಲ್ಲರನ್ನೂ ಜಗಲಿಗೆ ಕರೆತಂದ. ಬಾಗಿಲಿಗೆ ಅಡ್ಡವಾಗಿ ತಾನೇ ಕುಳಿತು ಎಣಿಸಿದ, ಇನ್ನೊಮ್ಮೆ ಎಣಿಸಿದ. ಪಕ್ಕದ ಚಪ್ಪರದಲ್ಲಿ ಒಲೆಯಿತ್ತು, ಹಾಲಿನ ಪುಡಿಯ ಡಬ್ಬವಿತ್ತು, ನುಚ್ಚಕ್ಕಿ, ಬೆಲ್ಲ, ಒಂದು ದೊಡ್ಡ ಪಾತ್ರೆ. ನೂರಾರು ಅಪರಿಚಿತರಿಗೆ ದಿನವೂ ಬಡಿಸುವವನಿಗೆ ಇಪ್ಪತ್ತಾರು ಜನ ಯಾವ ಲೆಕ್ಕ? ಆದರೆ ಈ ಗಿರಾಕಿಗಳು ಒಲೆಯ ಸುತ್ತ ಕುಳಿತು, ಅವನು ಸೌಟು ತಿರುಗಿಸಿದಂತೆಲ್ಲ ತಲೆಯನ್ನೂ ತಿರುಗಿಸುತ್ತಿದ್ದರು. ಹಾಲುಗಂಜಿ ಕುದಿಯಿತು. ಬಟ್ಟಲುಗಳು ತುಂಬಿದವು. ಒಬ್ಬನಿಗೆ ಆರಿಸಿ ಕೊಡಬೇಕು, ಒಬ್ಬಳಿಗೆ ಊದಿ ತಿನ್ನಿಸಬೇಕು, ಒಬ್ಬ ಚೆಲ್ಲಿಕೊಂಡು ಅಳಬೇಕು...

ಮೂಗು ಒರೆಸಿಕೊಂಡಿದ್ದ ಹುಡುಗಿ, ಅವಳ ಹೆಸರು ಮಲ್ಲವ್ವ, ಬಟ್ಟಲಿನಿಂದ ಮುಖವೆತ್ತಿ ಕೇಳಿದಳು: "ನಿಮಗ ಮಕ್ಕಳಿಲ್ಲೇನ್ರೀ?"

ಸೌಟು ನಿಂತಿತು.

"ಇದ್ದಳು. ಒಬ್ಬಳು ಮಗಳು."

"ಹೆಸರೇನ್ರೀ?"

ಬಿಸಿಲು, ತಾಳೆಮರ, ಗುಡ್ಡ, ಎಲ್ಲವೂ ಉಸಿರು ಹಿಡಿದಂತಿತ್ತು.

"ಪ್ರಫುಲ್ಲಾ," ಎಂದ ಕಾಂತಪ್ಪ.

"ಈಗ ಎಲ್ಲದಾಳ?"

"ತೀರಿಹೋದಳು, ಮಗಾ. ಗಂಟಲು ಬೇನೆ ಬಂದು."

ಮಲ್ಲವ್ವ ಗಂಭೀರವಾಗಿ ತಲೆದೂಗಿದಳು. "ನಮ್ಮ ತಮ್ಮನೂ ಸತ್ತಾನ. ಸಣ್ಣಾಂವ ಇದ್ದ." ತುಸು ಯೋಚಿಸಿ ಮತ್ತೆ, "ಆಕಿಗೆ ಗಂಜಿ ಸೇರ್ತಿತ್ತೇನ್ರೀ?"

"ಬೆಲ್ಲ ಜಾಸ್ತಿ ಹಾಕಿದರೆ ಸೇರುತ್ತಿತ್ತು. ಇಲ್ಲದಿದ್ದರೆ ಬಟ್ಟಲು ದೂಡಿಬಿಡುತ್ತಿದ್ದಳು..." ಎನ್ನುತ್ತ ಕಾಂತಪ್ಪ ನಕ್ಕ, ನಗುತ್ತಿದ್ದಂತೆಯೇ ಕಣ್ಣೀರು ಧಾರೆಯಾಗಿ ಇಳಿಯಿತು. ಹೊಗೆಯೆಂದು ಮಕ್ಕಳು ತಿಳಿದವು.

ಹೊಸ್ತಿಲಲ್ಲಿ ಶೀಲಾವತಿ ನಿಂತಿದ್ದಳು. ಬರಿದಾದ ಚಾಪೆಗಳನ್ನು ಕಂಡು ಹೊರಗೋಡಿ ಬಂದವಳು, ಆ ಹೆಸರು ಕೇಳಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು.

"ನನ್ನನ್ನು ಎಬ್ಬಿಸಬೇಕಿತ್ತು," ಎಂದಳು. "ಒಂದು ಮಗು ಗಣಿಯ ಕಡೆ ಹೋಗಿದ್ದರೆ ನಾನು ಯಾರಿಗೆ ಮುಖ ತೋರಿಸುವುದು?"

"ಇಪ್ಪತ್ತಾರೂ ಉಂಟು. ಎರಡು ಸಲ ಎಣಿಸಿದ್ದೇನೆ."

"ನೀವು ಬಂದದ್ದು ಎಂತಕ್ಕೆ?"

ಕಾಂತಪ್ಪನಿಗೆ ಸುಳ್ಳು ಹೊಳೆಯಲಿಲ್ಲ. "ಶನಿವಾರ ಹುಬ್ಬಳ್ಳಿಗೆ ಹೋಗುತ್ತೇನೆ ಎಂದು ಹೇಳಲಿಕ್ಕೆ."

ಅವನು ಒಂದು ಬಟ್ಟಲು ತೊಳೆದು, ತಳದಲ್ಲುಳಿದ ಗಂಜಿಯನ್ನು ಬಡಿಸಿ, ಅವಳ ಕೈಗಿತ್ತ. "ಬೆಳಗಿನಿಂದ ಏನೂ ತಿಂದಿಲ್ಲವಲ್ಲ? ಕೂತುಕೋ."

ಅವಳು ಕುಳಿತಳು. ಎರಡು ತುತ್ತು ತಿಂದಳು. ಆಮೇಲೆ ಮೆಲ್ಲನೆ, "ಅವಳ ಹೆಸರು ನಿಮ್ಮ ಬಾಯಲ್ಲಿ ಕೇಳಿ ಎರಡು ವರ್ಷವಾಯಿತು. ನಿಮಗೆ ಮರೆತೇಹೋಯಿತೋ ಎಂದು ನಾನು..."

"ಮರೆಯುವುದಾ, ಮಾರಾಯ್ತೀ? ಹೇಳಿದರೆ ನೀನು ತಡೆಯಲಿಕ್ಕಿಲ್ಲ ಎಂದು ಹೆದರಿದ್ದೆ."

"ನನಗೆ ತುಂಬಾ ದಣಿವಾಗಿದೆ."

"ನನಗೂ," ಎಂದ ಕಾಂತಪ್ಪ.

ಅಷ್ಟೇ. ಬೇರೆ ಯಾವ ಪ್ರತಿಜ್ಞೆಯೂ ಅಲ್ಲಿ ನಡೆಯಲಿಲ್ಲ. ಸಂಜೆ ಮಕ್ಕಳನ್ನೆಲ್ಲ ಮನೆ ಸೇರಿಸಿ, ಇಬ್ಬರೂ ಗದ್ದೆಯ ಬದುವಿನ ಮೇಲೆ ಸ್ಟೇಶನ್ನಿನ ಕಡೆ ನಡೆದರು. ದಾರಿಯುದ್ದಕ್ಕೂ ಪ್ರಫುಲ್ಲಾಳ ಮಾತೇ ಮಾತು: ಅವಳು ಇಡ್ಲಿಗೆ ಸಕ್ಕರೆ ಬೇಡುತ್ತಿದ್ದದ್ದು, ಲೋಕಲ್ ಗಾಡಿಗೆ ಕೈಮುಗಿಯುತ್ತಿದ್ದದ್ದು... ಶನಿವಾರದ ರೈಲು ಕಾಂತಪ್ಪನಿಲ್ಲದೆ ಹೊರಟಿತು. ಭಾವನಿಗೆ ಅವನು ಕಾಗದ ಬರೆದ. ಗಂಗುಬಾಯಿ ಗುಣವಾಗಿ ಬಂದ ಮೇಲೂ, ಹೋಟೆಲಿನ ವಾರದ ರಜೆಯ ದಿನ ಆಂಬೇಪಾಡಾದ ಒಲೆ ಹೊತ್ತಿಸುವವನು ಅವನೇ ಆದ. ದಣಿವು ಕಳೆಯಿತೆಂದು ಹೇಳಿದರೆ ಅದು ಕಥೆಗಾರನ ಸುಳ್ಳಾದೀತು; ಶೀಲಾವತಿಯ ಬಿಳಿಕೂದಲು ಮತ್ತೆ ಕಪ್ಪಾಗಲಿಲ್ಲ, ಮಕ್ಕಳ ಗುಂಪಿನಲ್ಲಿ ಕಾಂತಪ್ಪನ ಕೈ ಒಮ್ಮೊಮ್ಮೆ ಇನ್ನೂ ಹಿಂಜರಿಯುತ್ತಿತ್ತು.

ಆದರೆ, ಸಹೃದಯರೇ, ಒಲವೆಂಬುದು ಬೆಳದಿಂಗಳಲ್ಲಿ ಮಾತ್ರ ಅರಳುವ ಹೂವೆಂದು ಯಾರು ಹೇಳಿದರು? ಬಳಲಿದ ಜೀವವೊಂದು ನಿದ್ರಿಸುತ್ತಿರುವಾಗ ಅದರ ಹೊರೆಯನ್ನು ಸದ್ದಿಲ್ಲದೆ ತನ್ನ ಹೆಗಲಿಗೆ ತೆಗೆದುಕೊಳ್ಳುವುದೂ ಒಲವೇ. ದುಃಖವನ್ನು ಮನುಷ್ಯ ಎಷ್ಟೋ ವರ್ಷ ಒಬ್ಬನೇ ಹೊರಬಲ್ಲ... ಅದು ಅವನ ಶಕ್ತಿ. ಕೊನೆಗೊಂದು ದಿನ ಅದನ್ನು ಇನ್ನೊಬ್ಬರ ಎದುರು ಇಳಿಸಿ ಕೂರಬಲ್ಲ... ಅದು ಅವನ ಭಾಗ್ಯ!