ಮಾತೆಯ ಎಡಗಣ್ಣು

"ಅಕ್ಕಾ, ಎಂಜಿನ್ನಿಗೆ ದಮ್ಮು ಹತ್ಕೊಂಡಿದೆ" ಎಂದು ನೆಮೆಸಿಯೊ ನನ್ನ ಶೆಡ್ಡಿಗೆ ಬಂದಾಗ ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು.

ಪ್ರತಿ ಜುಲೈ ಹದಿನಾರಕ್ಕೆ ನಮ್ಮೂರ ಚರ್ಚಿನ ಕಾರ್ಮೆನ್ ಮಾತೆ ಪೀಠದಿಂದಿಳಿದು ದೋಣಿ ಹತ್ತಿ ಕೊಲ್ಲಿಯನ್ನು ಒಂದು ಸುತ್ತು ಹಾಕಿ ಬರುತ್ತಾಳೆ. ಯಾರ ದೋಣಿ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನೆಮೆಸಿಯೊನ ಅಪ್ಪ ಬದುಕಿದ್ದಷ್ಟು ವರ್ಷವೂ ಚೀಟಿ ಹಾಕಿದ, ಒಮ್ಮೆಯೂ ಹೆಸರು ಬರಲಿಲ್ಲ. ಈ ವರ್ಷ ಮಗನ ಹೆಸರು ಬಂದಿತ್ತು. ನಡುನೀರಿನಲ್ಲಿ ಎಂಜಿನ್ ಏನಾದರೂ ನಿಂತರೆ ಮಾತೆ ಆ ಮನೆಯನ್ನು ಒಲ್ಲೆ ಎಂದಳೆಂದೇ ಊರಿನ ಲೆಕ್ಕ. ಆಮೇಲೆ ಆ ಮನೆಯವರ ಚೀಟಿ ಗಡಿಗೆಗೆ ಬೀಳುವುದೇ ಇಲ್ಲ.

"ಹೇಗೆ ನಿಲ್ಲುತ್ತೆ, ಸರಿಯಾಗಿ ಹೇಳು."

"ಅರ್ಧ ಗಂಟೆ ಕುದುರೆ ಥರ ಓಡುತ್ತೆ. ಆಮೇಲೆ ಸುಸ್ತಾಗಿ, ಸುಸ್ತಾಗಿ, ನಿಂತೇ ಹೋಗುತ್ತೆ. ನಾನು ಟ್ಯಾಂಕಿಗೆ ಕೋಲು ಇಳಿಸಿ ನೋಡ್ತೀನಿ, ಪೆಟ್ರೋಲ್ ಇರುತ್ತೆ. ಮಾತೆಗೆ ಒಂದು ಪ್ರಾರ್ಥನೆ ಮಾಡ್ತೀನಿ. ಮತ್ತೆ ಓಡುತ್ತೆ."

"ಹಾಗಾದ್ರೆ ನನ್ನ ಹತ್ರ ಯಾಕೆ ಬಂದೆ? ಪ್ರಾರ್ಥನೇಲೇ ರಿಪೇರಿ ಆಗ್ತಿದೆಯಲ್ಲ."

ಇಪ್ಪತ್ತಾರು ವರ್ಷದಿಂದ ಈ ಕಡಲತೀರದಲ್ಲಿ ಎಂಜಿನ್ ಬಿಚ್ಚುತ್ತಿದ್ದೇನೆ. ಎದಿಲ್ಮಾಳ ಕೈ ಒಳ್ಳೆಯದು, ಬಾಯಿ ಮಾತ್ರ ಬಚ್ಚಲು ಎನ್ನುತ್ತಾರೆ ಜನ. ಎಂಜಿನ್ನುಗಳು ಈವರೆಗೆ ದೂರು ಕೊಟ್ಟಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡೆ. ಫಿಲ್ಟರ್ ಬಿಚ್ಚಿದೆ, ನೀರಿಲ್ಲ, ಕಸವಿಲ್ಲ. ಪ್ಲಗ್ಗುಗಳು ಹೊಸದರಂತಿದ್ದವು. ಇಂಜೆಕ್ಟರ್ ತೊಳೆದೆ, ಪಂಪ್ ಬದಲಿಸಿದೆ. ನೀರಿಗಿಳಿಸಿದರೆ ದೋಣಿ ಬಂಗಾರದಂತೆ ಓಡುತ್ತಿತ್ತು, ನನ್ನೆದುರು ಒಮ್ಮೆಯೂ ನಿಲ್ಲಲಿಲ್ಲ. ಒಬ್ಬಳೇ ವಾಪಸು ಬಂದು ಕುಳಿತಾಗ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಮೂರನೆಯ ದಿನ ನನಗೆ ಹೊಳೆದದ್ದು ನೆಮೆಸಿಯೊನ ಕೋಲು. ನಾನು ದೋಣಿಯಲ್ಲಿದ್ದಾಗಲೆಲ್ಲ, ಪೆಟ್ರೋಲ್ ಮುಗಿದಿಲ್ಲವೆಂದು ತೋರಿಸಲು, ಹತ್ತು ನಿಮಿಷಕ್ಕೊಮ್ಮೆ ಟ್ಯಾಂಕಿನ ಮುಚ್ಚಳ ತೆಗೆದು, ಕೋಲು ಅದ್ದಿ, ಒದ್ದೆ ಎಲ್ಲಿಯವರೆಗಿದೆ ಎಂದು ನನಗೆ ತೋರಿಸುತ್ತಿದ್ದ.

"ಮೀಟರ್ ಇದೆಯಲ್ಲೋ ಮಾರಾಯ!"

"ಮೀಟರ್ ಸುಳ್ಳು ಹೇಳುತ್ತೆ. ಇದು ನಮ್ಮಪ್ಪನ ಕೋಲು. ಸುಳ್ಳು ಹೇಳಲ್ಲ."

ಆವತ್ತು ನಾನು ಹೋಗಿ ಮುಚ್ಚಳದ ಮೇಲೆಯೇ ಕುಳಿತೆ.

"ಏಳಕ್ಕ, ಕೋಲು ಹಾಕ್ಬೇಕು."

"ಏಳಲ್ಲ. ಓಡಿಸು."

ಸರಿಯಾಗಿ ಅರ್ಧ ಗಂಟೆಗೆ ಎಂಜಿನ್ ಸೊರಗಿತು, ನಾಲ್ಕು ಬಾರಿ ಮುಕ್ಕರಿಸಿತು, ನಿಂತಿತು.

"ಈಗ ಪ್ರಾರ್ಥನೆ ಮಾಡು" ಎಂದೆ.

ಅವನು ಮಾಡಿದ. ಎರಡನೇ ಸಲವೂ ಮಾಡಿದ. ಎಂಜಿನ್ ಕದಲಲಿಲ್ಲ. ನಾನು ಎದ್ದು ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಗುಡುಗಿತು.

"ನೋಡಿದ್ಯಾ ಅಕ್ಕಾ? ತಡವಾದ್ರೂ ತಾಯಿ ಕೇಳಿಸ್ಕೊಂಡ್ಲು."

ಹಾಲಿನ ಬಾಟಲಿಯನ್ನು ಬಾಯಿ ಬಿಡದೆ ಹೀರುವ ಕೂಸಿಗೆ ಕೊನೆಗೆ ಏನೂ ಬರುವುದಿಲ್ಲ, ಹಾಗೆ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಹಳೆಯ ಎಂಜಿನ್ ಆಗಿದ್ದರೆ ಕೆಮ್ಮಿಕೊಂಡಾದರೂ ದಡ ಸೇರಿಸುತ್ತಿತ್ತು. ಈ ಇಂಜೆಕ್ಷನ್ ಎಂಜಿನ್ನಿಗೆ ಒತ್ತಡ ಒಂದಿಷ್ಟು ಕಡಿಮೆಯಾದರೂ ಅವಮಾನ. ಗಾಳಿ ಹೋಗುವ ತೂತು ದೋಣಿಯ ಪಕ್ಕೆಯಲ್ಲಿ ಇರಬೇಕಿತ್ತು. ಹುಡುಕಿದೆ. ಅಲ್ಲಿದ್ದದ್ದು ಮಾತೆ. ಹಬ್ಬಕ್ಕೆಂದು ಹೊಸದಾಗಿ ಬರೆಸಿದ, ಆಳೆತ್ತರದ ಕಾರ್ಮೆನ್ ಮಾತೆ.

ಚಿತ್ರ ಬರೆದ ಕ್ಲಿಮಾಕೊನನ್ನು ಹಿಡಿದು ತಂದೆ.

"ತೂತು ಸರಿಯಾಗಿ ಎಡಗಣ್ಣಿಗೇ ಬಂತು" ಎಂದ ಅವನು. "ತಾಯೀನ ಒಕ್ಕಣ್ಣಿ ಮಾಡ್ಲಾ? ಪುಟ್ಟಿ ತುಂಬಿ ಮೇಲೆ ಪಾಪೆ ಬರೆದೆ."

"ಮುಖ ಒಂದು ಗೇಣು ಆಚೆ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಆಚೆ ದೋಣಿ ನಂಬರಿದೆ. ಅದನ್ನ ಅಳಿಸಿದ್ರೆ ದಂಡ ಹಾಕ್ತಾರೆ. ಮಾತೆ ಹಾಕಲ್ಲ."

ತೂತನ್ನು ಬೇರೆಡೆಗೆ ಸಾಗಿಸಲು ಪಟ್ಟಣದಿಂದ ಕೊಳವೆ ಬರಬೇಕು, ಹಬ್ಬ ನಾಳೆ. ನಾನು ಡ್ರಿಲ್ ತೆಗೆದಾಗ ನೆಮೆಸಿಯೊ ಮರಳಿನ ಮೇಲೆ ಮೊಣಕಾಲೂರಿ ಮಾತೆಯ ಕ್ಷಮೆ ಕೇಳಿ, ಆ ಕಡೆ ಮುಖ ತಿರುಗಿಸಿ ನಿಂತ. ಕಪ್ಪು ಪಾಪೆಯ ನಡುವೆ ಸಣ್ಣ ತೂತು, ಹತ್ತಿರ ಹೋದರೂ ಕಾಣದು. "ಟ್ಯಾಂಕ್ ತುಂಬಿಸ್ಬೇಡ, ಒಂದು ಗೇಣು ಬಿಡು" ಎಂದು ಹೇಳಿಯೇ ಹೋದೆ.

ಮಾತೆಯ ಸೇವೆಯಲ್ಲಿ ಒಂದು ಗೇಣು ಕಡಿಮೆ ಮಾಡುವವನೇ ಅವನು? ಕಂಠಪೂರ್ತಿ ತುಂಬಿಸಿದ್ದ. ಮರುದಿನ ದೋಣಿ ಎಲ್ಲೂ ನಿಲ್ಲದೆ, ಮೆರವಣಿಗೆಯ ಮುಂದೆ ಮುಂದೆ, ಹೆಮ್ಮೆಯಿಂದ ಕೊಲ್ಲಿ ಸುತ್ತಿತು. ಅದು ಜೆಟ್ಟಿಗೆ ಒರಗಿದಾಗ ನೆಮೆಸಿಯೊನ ಮುಖ ನೋಡಿ ನಾನೂ ಚಪ್ಪಾಳೆ ತಟ್ಟಿದೆ. ಆಗ ಬಂದ ಅಲೆಗೆ ದೋಣಿ ಓಲಾಡಿತು, ಟ್ಯಾಂಕ್ ತುಳುಕಿತು. ಮಾತೆಯ ಎಡಗಣ್ಣಿನಿಂದ ಒಂದು ಹನಿ ಇಳಿದು ಕೆನ್ನೆಯ ಮೇಲೆ ನಿಂತಿತು. ಹಿಂದೆಯೇ ಇನ್ನೊಂದು.

ಯಾವಳೋ ಮುದುಕಿ ಚೀರಿದಳು. ಇಡೀ ಜೆಟ್ಟಿ ಮೊಣಕಾಲೂರಿತು. ಕೈಯಲ್ಲಿದ್ದ ಮೇಣದ ಬತ್ತಿ ಹಿಡಿದು ಹೆಂಗಸರು ಆ ಕಣ್ಣೀರಿನ ಹತ್ತಿರ ಬಾಗತೊಡಗಿದರು. ನಾನು ಜನರ ನಡುವೆ ನುಗ್ಗಿದೆ.

"ಬತ್ತಿ ಆರಿಸ್ರೇ! ಅದು ಪೆಟ್ರೋಲು!"

"ನಿನ್ನ ಮೂಗಿಗೆ ಗುಲಾಬೀನೂ ಪೆಟ್ರೋಲೇ" ಎಂದಳೊಬ್ಬಳು, ಇನ್ನೂ ಹತ್ತಿರ ಬಾಗಿ.

"ಹೊಗೆ ತಾಯಿ ಕಣ್ಣಿಗೆ ಉರಿ ಹತ್ತಿಸ್ತಿದೆ ಕಣ್ರೇ! ಅದಕ್ಕೇ ಅಳ್ತಿದ್ದಾಳೆ!" ಎಂದು ಕಿರುಚಿದೆ.

ಒಂದೇ ಉಸಿರಿಗೆ ಅಷ್ಟೂ ಬತ್ತಿ ಆರಿದವು. ಇಪ್ಪತ್ತಾರು ವರ್ಷದಲ್ಲಿ ನನ್ನ ಮಾತನ್ನು ಈ ಊರು ಮರುಮಾತಿಲ್ಲದೆ ಕೇಳಿದ್ದು ಆವತ್ತು ಮಾತ್ರ, ಅದೂ ಸುಳ್ಳು ಹೇಳಿದಾಗ.

ಮೂರು ವಾರ ಕಳೆದಿರಬೇಕು. ನೆಮೆಸಿಯೊ ಬಂದ. "ಅಕ್ಕಾ, ಮತ್ತೆ ದಮ್ಮು."

ಹೋಗಿ ನೋಡಿದರೆ ಎಡಗಣ್ಣಿಗೆ ಪುಟ್ಟಿ ತುಂಬಿ ಪಾಪೆ ಬರೆದಿತ್ತು. ಕ್ಲಿಮಾಕೊನ ಏಳು ತಲೆಮಾರನ್ನು ಬೈಯಲು ಶುರುಮಾಡಿದೆ.

"ಅವನನ್ನ ಬೈಬೇಡ. ನಾನೇ ತುಂಬಿದ್ದು" ಎಂದ ನೆಮೆಸಿಯೊ. "ತಾಯಿಗೆ ಕಣ್ಣುರಿ ಅಂತ ನೀನೇ ಹೇಳ್ದೆಯಲ್ಲಕ್ಕ. ನಮ್ಮಪ್ಪ ಅವಳಿಗೋಸ್ಕರ ಕಾದೂ ಕಾದೂ ಸತ್ತ. ನನ್ನ ದೋಣಿಗೆ ಬಂದೋಳು ಅಳ್ತಾ ಇರ್ಬೇಕಾ?"

ಕೈಗೆತ್ತಿಕೊಂಡಿದ್ದ ಡ್ರಿಲ್ ಅನ್ನು ಮತ್ತೆ ಚೀಲಕ್ಕೆ ಹಾಕಿದೆ.

"ಪಟ್ಟಣದಿಂದ ಕೊಳವೆ ತರಿಸ್ತೀನಿ. ತೂತನ್ನ ಹಿಂದಕ್ಕೆ ಒಯ್ಯೋಣ. ಅಲ್ಲೀವರೆಗೂ ಅಪ್ಪನ ಕೋಲು ಹಾಕ್ತಾ ಇರು."

"ಪ್ರಾರ್ಥನೆ?"

"ಮಾಡು. ಆದ್ರೆ ಮೊದ್ಲು ಮುಚ್ಚಳ ತೆಗಿ."